ನಮ್ಮ ಆಯಮ್ಮನಿಗೆ, ಮತ್ತೆ ಉಳಿದ ಎಲ್ಲರಿಗೂ

ನನ್ನ ಡಿಪ್ಲೊಮಾ ಮುಗೀತು. ನಮ್ಮ ಶಿಶುವಿಹಾರದಲ್ಲಿದ್ದ ಪುಟ್ಟ ಒಂದನೇ ತರಗತಿಗೆ ಹೋದ. ಎರಡೂ ಒಂದೇ ವಾರದಲ್ಲಿ ಆಗಿದ್ದರಿಂದ ಫೋನಿನ ತುಂಬ ಶುಭಾಶಯಗಳು. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಕೂತೆ, ಮುಗಿಯುವ ಲಕ್ಷಣ ಕಾಣಲಿಲ್ಲ. ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. (ಪುಟ್ಟ ಅನ್ನೋದು ಅವನ ನಿಜವಾದ ಹೆಸರಲ್ಲ. ಅವನ ಅಪ್ಪ ಅಮ್ಮನ ಒಪ್ಪಿಗೆ ಕೇಳಿಯೇ ಇದನ್ನು ಹಾಕುತ್ತಿದ್ದೇನೆ.)

ಏನೇನು ನಡೀತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಪುಟ್ಟ ಬೇರೆ ಮಕ್ಕಳನ್ನು ಕಚ್ಚಿದ ಗಲಾಟೆ, ಪೋಷಕರ ಗ್ರೂಪಿನ ಮೆಸೇಜುಗಳು, ಅವನು ನಮ್ಮಲ್ಲಿ ಇರಬೇಕಾ ಬೇಡವಾ ಅನ್ನೋ ಮೀಟಿಂಗು, ಆಮೇಲೆ ಕಿವಿ ಡಾಕ್ಟರ ಹತ್ತಿರದ ಓಡಾಟ. ಅದನ್ನೆಲ್ಲ ಮತ್ತೆ ಬಿಡಿಸಿ ಹೇಳಲ್ಲ. ಆದರೆ ಬಂದ ಶುಭಾಶಯಗಳಲ್ಲಿ ಆ ಮೀಟಿಂಗಿನ ಬಗ್ಗೆ ಒಂದು ಮಾತು ಪದೇ ಪದೇ ಕಾಣುತ್ತಿದೆ: "ಆ ದಿನ ಎಷ್ಟು ಚೆನ್ನಾಗಿ ಮಾತಾಡಿದ್ರಿ ಮಿಸ್!" ಅದನ್ನು ಓದಿದಾಗಲೆಲ್ಲ ಒಂಥರಾ ಇರಿಸುಮುರಿಸು. ಬಾಯಿ ನನ್ನದೇ, ನಿಜ. ಆಡಿದ ಮಾತಿನ ಸರಕು ಮಾತ್ರ ನಮ್ಮ ತರಗತಿಯ ಆಯಮ್ಮನದು. ಮಕ್ಕಳಿಗೆ ಅವರು ಆಯಮ್ಮ, ನನಗೆ ಅಕ್ಕ.

ಮೊದಲು ಉಳಿದವರಿಗೆ ಥ್ಯಾಂಕ್ಸ್ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ನನ್ನ ಪಾಳಿ ತಾವು ನೋಡಿಕೊಂಡು ನನ್ನನ್ನು ಪರೀಕ್ಷೆಗೆ ಕಳಿಸಿದ ಪಕ್ಕದ ತರಗತಿಯ ಮಿಸ್‌ಗೆ, ಅಸೈನ್‌ಮೆಂಟ್ ತಡವಾದರೂ ತಗೊಂಡ ಮೇಡಂಗೆ, ಮೀಟಿಂಗಿನಲ್ಲಿ ನನ್ನ ಮಾತು ಮುಗಿಯೋವರೆಗೂ ಯಾರಿಗೂ ಅಡ್ಡ ಬಾಯಿ ಹಾಕೋಕೆ ಬಿಡದ ನಮ್ಮ ಹೆಡ್ ಮೇಡಂಗೆ, ಮನೆಯಲ್ಲಿ ನನ್ನ ಸಿಡುಕು ಸಹಿಸಿಕೊಂಡವರಿಗೆ. ಎಲ್ಲರಿಗೂ ಮನಸಾರೆ.

ಈಗ ಅಕ್ಕನ ವಿಷಯ.

ಮೀಟಿಂಗಿನ ಹಿಂದಿನ ರಾತ್ರಿ. ಪುಟ್ಟ ನಮ್ಮಲ್ಲೇ ಮುಂದುವರಿಯಬೇಕಾ ಬೇಡವಾ ಅನ್ನೋದು ಬೆಳಗ್ಗೆ ತೀರ್ಮಾನ ಆಗಬೇಕಿತ್ತು. ಸಂಜೆ ಗೇಟಿನ ಹತ್ತಿರ ಅವನ ಅಪ್ಪ ಎಲ್ಲರ ಎದುರು ಕೂಗಾಡಿದ್ದರು, ನನ್ನ ಮಗನಿಗೆ ಹುಚ್ಚ ಅನ್ನೋ ಹಣೆಪಟ್ಟಿ ಕಟ್ಟುತ್ತಿದ್ದೀರಿ ಅಂತ. ರಾತ್ರಿ ಗ್ರೂಪಿನಲ್ಲಿ ಇನ್ನೊಂದು ಮಗುವಿನ ಮನೆಯವರು "ಆ ಹುಡುಗ ಇದ್ದರೆ ನಮ್ಮ ಮಗುವನ್ನು ಕಳಿಸಲ್ಲ" ಅಂತ ಹಾಕಿದರು. ಅದರ ಕೆಳಗೆ ಹೆಬ್ಬೆರಳುಗಳ ಸಾಲು. ಎರಡೂ ಕಡೆಯವರಿಗೆ ನಾನೇ ಕೆಟ್ಟವಳು. ಅಕ್ಕ ಅವತ್ತು ತಮ್ಮ ಮನೆಗೆ ಹೋಗದೆ ಸೀದಾ ನನ್ನ ಜೊತೆ ಬಂದರು. ಯಾಕೆ ಅಕ್ಕ ಅಂತ ಕೇಳಿದ್ದಕ್ಕೆ "ನಿಮ್ಮ ಮುಖ ನೋಡಿದೆ" ಅಂದರು, ಅಷ್ಟೇ.

ಇದು ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ: ಆ ರಾತ್ರಿ ನಾನು ಲ್ಯಾಪ್‌ಟಾಪ್ ತೆಗೆದು ಬರೆಯುತ್ತಿದ್ದದ್ದು ರಾಜೀನಾಮೆ. ಅಳುತ್ತಾ ಬರೆಯುತ್ತಿದ್ದೆ, ಅಕ್ಷರ ಕಾಣುತ್ತಿರಲಿಲ್ಲ. ಸಾಕಾಗಿತ್ತು. ಮಕ್ಕಳ ಮೂಗು ಒರೆಸು, ಹಾಡು ಹೇಳು, ಎಲ್ಲರ ಹತ್ತಿರ ನಗುನಗುತ್ತಾ ಮಾತಾಡು, ಏನಾದರೂ ಎಡವಟ್ಟಾದರೆ ಮೊದಲು ಬೆರಳು ತೋರಿಸೋದು ನಮ್ಮ ಕಡೆಗೆ. ಮಕ್ಕಳ ಜೊತೆ ಆಟ ಆಡಿಕೊಂಡು ಇರೋ ಕೆಲಸ ಅಲ್ವಾ ಅಂತ ಇನ್ನೊಂದು ಸಲ ಯಾರಾದರೂ ಹೇಳಿದರೆ ಕಿರುಚಿಬಿಡ್ತೀನಿ ಅನ್ನೋ ಹಾಗಿತ್ತು. ಅಕ್ಕ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಸಮಾಧಾನ ಮಾಡೋಕೆ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮಿಸ್, ರಾಜೀನಾಮೆ ನಾಳೆ ಮಧ್ಯಾಹ್ನನೂ ಬರೀಬಹುದು. ಬೆಳಗ್ಗೆಗೆ ಬೇಕಾಗಿರೋದು ಪುಟ್ಟನ ಕಾಗದ. ಅದನ್ನ ಮೊದಲು ಬರೀರಿ" ಅಂದರು. ನನಗೆ ನಗು ಬಂತು. ಅಳುತ್ತಲೇ ನಕ್ಕೆ.

ಕಾಗದಕ್ಕೆ ಸಾಮಗ್ರಿ ಬೇಕಲ್ಲ. ನನ್ನ ಹತ್ತಿರ ಟಿಪ್ಪಣಿ ಇತ್ತು, ಕೋರ್ಸಿನಲ್ಲಿ ಹೇಳಿಕೊಟ್ಟ ಮೂರು ಕಾಲಮ್ಮಿನದು: ಮೊದಲು ಏನಾಯ್ತು, ಮಗು ಏನು ಮಾಡ್ತು, ಆಮೇಲೆ ಏನಾಯ್ತು. ಈ ಕೆಲಸದಲ್ಲಿ ಇರೋರಿಗೆ ಗೊತ್ತಿರುತ್ತೆ, ಮೊದಲನೇ ಕಾಲಮ್ಮು ತುಂಬೋದು ಎಷ್ಟು ಕಷ್ಟ ಅಂತ. ತರಗತಿ ತುಂಬ ಮಕ್ಕಳಿಗೆ ಕಥೆ ಹೇಳುತ್ತಾ ಇರುವಾಗ ನಮಗೆ ಕೇಳಿಸೋದು ಅಳು. ತಿರುಗಿ ನೋಡೋ ಹೊತ್ತಿಗೆ ಕಚ್ಚಿ ಆಗಿರುತ್ತೆ. ಅದಕ್ಕೆ ಹಿಂದಿನ ಅರ್ಧ ನಿಮಿಷ ಯಾರ ಲೆಕ್ಕಕ್ಕೂ ಸಿಗಲ್ಲ. ಆದರೆ ಅಕ್ಕ ಇರೋದು ಅಲ್ಲೇ: ಕೈ ತೊಳೆಯೋ ನಲ್ಲಿ ಹತ್ತಿರ, ಚಪ್ಪಲಿ ಬಿಡೋ ಜಾಗದಲ್ಲಿ, ಆಟಿಕೆ ಬುಟ್ಟಿಯ ಪಕ್ಕ. ಆ ಅರ್ಧ ನಿಮಿಷಗಳೆಲ್ಲ ಅವರ ಹತ್ತಿರ ಇದ್ದವು.

ನಾನು ತಾರೀಖು ಓದುತ್ತಾ ಹೋದೆ, ಅಕ್ಕ ಹೇಳುತ್ತಾ ಹೋದರು. "ಅವತ್ತು ಆ ಹುಡುಗಿ ಹಿಂದಿನಿಂದ ಬಂದು ಕಾರು ಎತ್ಕೊಂಡ್ಳು. ಎದುರಿಗೆ ಬಂದು ಕೈ ಚಾಚಿದ್ರೆ ಇವನೇ ಕೊಡ್ತಾನೆ, ಎಷ್ಟೋ ಸಲ ಕೊಟ್ಟಿದ್ದಾನೆ." ಇನ್ನೊಂದು ತಾರೀಖು. "ಅವತ್ತೂ ಹಿಂದಿನಿಂದಲೇ." ಆಮೇಲೆ ಬಂದ ಮಾತು ಇದು: "ನಲ್ಲಿ ನೀರು ಬೀಳ್ತಿರುವಾಗ ಕರೆದ್ರೆ ಇವನು ತಿರುಗಲ್ಲ ಮಿಸ್. ನಲ್ಲಿ ನಿಲ್ಲಿಸಿ ಕರೆದ್ರೆ ತಿರುಗ್ತಾನೆ. ಶೀತ ಆದ ವಾರ ಅದೂ ಇಲ್ಲ. ಭುಜ ಮುಟ್ಟಬೇಕು." ನಾನು ಬೆರಳು ಕೀಲಿಮಣೆ ಮೇಲಿಟ್ಟುಕೊಂಡು ಸುಮ್ನೆ ಕೂತುಬಿಟ್ಟೆ. ಹಠ ಅಂತ ಹೇಳುತ್ತಿದ್ದದ್ದು, ಮಾತು ಕೇಳಲ್ಲ ಅಂತ ದೂರುತ್ತಿದ್ದದ್ದು, ಎಲ್ಲವೂ ಬೇರೆ ಥರ ಕಾಣತೊಡಗಿತು. ಕೂತಿದ್ದು ಸ್ವಲ್ಪ ಹೊತ್ತೇ. ಆಮೇಲೆ ಬೆಳಕು ಹರಿಯೋವರೆಗೂ ಟೈಪ್ ಮಾಡಿದೆ. ಪ್ರತಿ ಸಾಲಿಗೂ ಅಕ್ಕ ಎರಡು ಪ್ರಶ್ನೆ ಕೇಳುತ್ತಿದ್ದರು: "ಇದನ್ನ ಕಣ್ಣಾರೆ ನೋಡಿದ್ದೀವಾ? ಎಷ್ಟು ಸಲ?" ಕೋರ್ಸಿನಲ್ಲಿ ಒಂದು ಸೆಮಿಸ್ಟರ್ ತಗೊಂಡು ಕಲಿಸಿದ್ದೂ ಇದನ್ನೇ. ಅಕ್ಕ ಕೋರ್ಸು ಮಾಡಿಲ್ಲ.

ಮೀಟಿಂಗಿನ ಕಥೆ ಗೊತ್ತಲ್ಲ, ಬಿಡಿ. ಒಂದು ವಿಷಯ ಮಾತ್ರ ಹೇಳ್ತೀನಿ, ಯಾಕೆಂದರೆ ಕೆಲವರು ಅದನ್ನು ಕೇಳಿದ್ದೀರಿ. ನಾನು ಅಲ್ಲಿ ಯಾವ ತೊಂದರೆಯ ಹೆಸರನ್ನೂ ಹೇಳಲಿಲ್ಲ. ಅದು ನಮ್ಮ ಕೆಲಸ ಅಲ್ಲ. ಕಂಡದ್ದನ್ನು ಓದಿದೆ, ತೀರ್ಮಾನ ಮಾಡೋ ಮೊದಲು ಕಿವಿ ಪರೀಕ್ಷೆ ಆಗಲಿ ಅಂತ ಕೇಳಿದೆ, ಅಲ್ಲಿವರೆಗೆ ತರಗತಿಯಲ್ಲಿ ನಾವೇನು ಮಾಡ್ತೀವಿ ಅಂತ ಹೇಳಿದೆ. "ಮೂರು ವರ್ಷದ ಮಗುವಿಗೆ ಏನು ಅಭಿಪ್ರಾಯ ಇರುತ್ತೆ" ಅಂತ ಒಬ್ಬರು ಕೇಳಿದರು. ಅದಕ್ಕೆ ನಮ್ಮ ಕೋರ್ಸಿನ ಮೇಡಂ ಓದಿಸಿದ್ದು ಕೈಗೆ ಬಂತು. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಕೊಡಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಪುಟ್ಟ ಮಕ್ಕಳು ಮಾತು ಬರೋ ಎಷ್ಟೋ ಮೊದಲಿಂದಲೇ ತಮಗೆ ಬೇಕಾದ್ದು ಬೇಡವಾದ್ದನ್ನು ನಾನಾ ಥರ ತಿಳಿಸುತ್ತಾರೆ ಅಂತ ಅದರ ಸಮಿತಿ 2005ರಲ್ಲಿ ವಿವರಿಸಿ ಬರೆದಿದೆ. ಓದಿದಾಗ ಪರೀಕ್ಷೆಗೆ ಬರಬಹುದು ಅಂತ ಗೆರೆ ಎಳೆದಿಟ್ಟಿದ್ದೆ. ಪರೀಕ್ಷೆಗೆ ಬರಲಿಲ್ಲ, ಇಲ್ಲಿ ಬಂತು.

ಕಿವಿಯ ವಿಷಯದಲ್ಲಿ ಬೇರೆ ಮಿಸ್‌ಗಳಿಗೆ ಉಪಯೋಗ ಆಗೋದಷ್ಟನ್ನು ಬರೆಯುತ್ತೇನೆ. ಶೀತ ಆದಮೇಲೆ ಕಿವಿತಮಟೆಯ ಹಿಂದೆ ದ್ರವ ನಿಲ್ಲೋದು ಚಿಕ್ಕ ಮಕ್ಕಳಲ್ಲಿ ತುಂಬ ಸಾಮಾನ್ಯ. ಬಹಳಷ್ಟು ಸಲ ನೋವೂ ಇರಲ್ಲ, ಜ್ವರವೂ ಇರಲ್ಲ. ಕೇಳಿಸೋದು ಒಂದು ದಿನ ಚೆನ್ನಾಗಿರುತ್ತೆ, ಇನ್ನೊಂದು ದಿನ ಮಂಕಾಗುತ್ತೆ. "ನಿನ್ನೆ ಕೇಳಿಸ್ತಲ್ಲ, ಇವತ್ತು ನಾಟಕ" ಅಂತ ದೊಡ್ಡವರು ಅನ್ನೋದು ಇದಕ್ಕೇ. ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗೇ ಹೋಗುತ್ತದೆ, ಆದರೆ ಹೋಯ್ತಾ ಇಲ್ವಾ ಅಂತ ಡಾಕ್ಟರು ನೋಡುತ್ತಿರಬೇಕು. ತರಗತಿಯಲ್ಲಿ ನಾವು ಮಾಡಿದ್ದು ಇಷ್ಟೇ: ಅವನನ್ನು ಕಿಟಕಿ ಗದ್ದಲದಿಂದ ದೂರ, ನನ್ನ ಎದುರಿಗೆ ಕೂರಿಸಿದ್ದು, ಬೆಳಕು ನಮ್ಮ ಮುಖದ ಮೇಲೆ ಬೀಳೋ ಹಾಗೆ ನಿಂತದ್ದು, ಮಂಡಿಯೂರಿ ಅವನ ಎತ್ತರಕ್ಕೆ ಇಳಿದು ಮಾತಾಡಿದ್ದು, ನೆಲಕ್ಕೆ ದಪ್ಪ ಹಾಸು ಹಾಕಿ ಸದ್ದು ಇಳಿಸಿದ್ದು. ಉಳಿದ ಮಕ್ಕಳಿಗೆ "ಎದುರಿಗೆ ಬಂದು ಕೇಳು" ಅಂತ ಕಲಿಸಿದ್ದು ಅಕ್ಕ. ಈಗ ಆ ಮಕ್ಕಳು ಎಲ್ಲರಿಗೂ ಹಾಗೇ ಮಾಡುತ್ತಾರೆ, ನನಗೂ. ಬೆನ್ನು ತಿರುಗಿಸಿ ನಿಂತಿದ್ದರೆ ಸುತ್ತು ಹಾಕಿ ಮುಂದೆ ಬಂದು ಮುಖ ನೋಡಿಯೇ "ಮಿಸ್" ಅಂತಾರೆ.

ಪುಟ್ಟನ ಮನೆಯವರ ಬಗ್ಗೆ ಬರೆಯೋದು ಕಷ್ಟ. ಅವರೂ ಇದನ್ನು ಓದುತ್ತಾರೆ. ಸರ್, ಗೇಟಿನ ಹತ್ತಿರದ ಸಂಜೆಗೆ ನೀವು ಎಷ್ಟೋ ಸಲ ಕ್ಷಮೆ ಕೇಳಿದ್ದೀರಿ, ಇನ್ನು ಸಾಕು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ಕೂಗುತ್ತಿದ್ದೆ. ನಮ್ಮ ಮಧ್ಯೆ ಸರಿಹೋಗಿದ್ದು ಮೀಟಿಂಗಿನಿಂದ ಅಲ್ಲ. ಅದಾದ ಮೇಲೂ ಎಷ್ಟೋ ದಿನ ನೀವು ಮಗನನ್ನು ಬಿಟ್ಟು ನನ್ನ ಮುಖ ನೋಡದೆ ಹೋಗುತ್ತಿದ್ದಿರಿ. ದಿನಾ ಮಧ್ಯಾಹ್ನ ಒಂದೇ ಒಂದು ಸಾಲು ಕಳಿಸಿ ಅಂತ ಅಕ್ಕ ಹೇಳಿದರು, ದೂರೂ ಅಲ್ಲ, ಹೊಗಳಿಕೆಯೂ ಅಲ್ಲ, ಸುಮ್ನೆ ನಡೆದದ್ದು. "ಇವತ್ತು ಇರುವೆ ಸಾಲು ನೋಡುತ್ತಾ ಆಟದ ಸಮಯ ಪೂರ್ತಿ ಕಳೆದ." "ಇವತ್ತು ಶೂ ತಾನೇ ಹಾಕಿಕೊಂಡ, ಎಡ ಬಲ ಅದಲುಬದಲು." ನಿಮ್ಮಿಂದ ಉತ್ತರ ಬರುತ್ತಿರಲಿಲ್ಲ. ಒಂದು ದಿನ ನಾನು ಕಳಿಸೋದು ತಡವಾಯ್ತು, ಆಗ ಬಂತು ನಿಮ್ಮ ಮೊದಲ ಮೆಸೇಜು: "ಇವತ್ತು ಏನು ಮಾಡಿದ?" ಅದನ್ನು ಅಕ್ಕನಿಗೆ ತೋರಿಸಿದೆ. ಅವರು ಏನೂ ಹೇಳದೆ ಪೊರಕೆ ತಗೊಂಡು ಗುಡಿಸೋಕೆ ಹೋದರು, ಗುಡಿಸಿ ಆಗಿದ್ದ ಕೋಣೆಯನ್ನೇ.

ಪುಟ್ಟನ ಅಜ್ಜಿಗೆ ಬೇರೆಯೇ ಒಂದು ನಮಸ್ಕಾರ. "ನಾನು ಕೂಗಿದ್ರೆ ಬರಲ್ಲ, ಕೈ ಆಡಿಸಿದ್ರೆ ಓಡಿ ಬರ್ತಾನೆ" ಅಂತ ಅವರು ಹೇಳಿದ್ದು ಡಾಕ್ಟರ ಹತ್ತಿರ ತುಂಬ ಉಪಯೋಗಕ್ಕೆ ಬಂತು. ಆಮೇಲೆ ನಾನು ಎಲ್ಲ ಮನೆಯವರಿಗೂ ಮೊದಲ ಭೇಟಿಯಲ್ಲೇ "ಮನೆಯಲ್ಲಿ ಮಗುವನ್ನ ಹೇಗೆ ಕರೀತೀರಿ?" ಅಂತ ಕೇಳಿ ಸುಮ್ಮನಾಗುತ್ತೇನೆ. ಅದರ ಉತ್ತರದಲ್ಲಿ ಎಷ್ಟೆಲ್ಲ ಬರುತ್ತೆ ಅಂತೀರಾ! ಮಕ್ಕಳ ತಲೆಯ ಮೇಲಿಂದ ಬಾಗಿಲಲ್ಲಿ ನಿಂತು ಅವರದೇ ಸುದ್ದಿ ಮಾತಾಡೋದನ್ನೂ ನಮ್ಮಲ್ಲಿ ಎಲ್ಲರೂ ನಿಲ್ಲಿಸಿದ್ದೇವೆ. ಮಕ್ಕಳಿಗೆ ಅರ್ಥ ಆಗುತ್ತೆ ಕಣ್ರಿ, ಮಾತು ಕೇಳಿಸದಿದ್ದರೂ ನಮ್ಮ ಮುಖ ಓದುತ್ತಾರೆ.

ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದ್ದ ಕೆಲವರು ಆಮೇಲೆ ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಪುಟ್ಟನನ್ನು ಕರೆದರು. ಅವರಿಗೂ ಥ್ಯಾಂಕ್ಸ್. ಕರೆಯದವರ ಬಗ್ಗೆ ಇವತ್ತು ಬೇಡ.

ಒಂದು ಮಾತು ಮಾತ್ರ ಗಂಟಲಲ್ಲೇ ಇದೆ, ಹೇಳಿಬಿಡುತ್ತೇನೆ. ಡಿಪ್ಲೊಮಾ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿದೆ. ಮೀಟಿಂಗಿನ ಕಾಗದದ ಕೆಳಗೆ ನನ್ನ ಸಹಿ ಇದೆ. ಅಕ್ಕ ಆ ಬೆಳಗ್ಗೆ ಮೀಟಿಂಗಿನ ಕೋಣೆಯ ಹೊರಗೆ ಕುರ್ಚಿ ಜೋಡಿಸುತ್ತಿದ್ದರು. ರಾತ್ರಿ ಪೂರ್ತಿ ಎಚ್ಚರ ಇದ್ದವರು, ಕಾಗದದ ಅರ್ಧಕ್ಕೂ ಹೆಚ್ಚು ಸಾಲುಗಳಿಗೆ ಸಾಕ್ಷಿ ಆದವರು, ಒಳಗೆ ಬರೋ ಹಾಗಿರಲಿಲ್ಲ, ಯಾಕೆಂದರೆ ಆಯಾಗಳನ್ನು ಮೀಟಿಂಗಿಗೆ ಕರೆಯೋ ಪದ್ಧತಿ ಇಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತೆ, ಸಿಟ್ಟಿಗೆ. ಅಕ್ಕನಿಗೆ ಹೇಳಿದರೆ "ನನಗೇನು ಮಿಸ್, ಹುಡುಗ ಉಳ್ಕೊಂಡನಲ್ಲ" ಅಂತಾರೆ. ಅವರು ಹಾಗೆ ಹೇಳಬಹುದು, ಅವರ ದೊಡ್ಡತನ. ನಾವು ಅದನ್ನೇ ಹಿಡಿದುಕೊಂಡು ಸುಮ್ಮನಿದ್ದರೆ ಸರಿಯಾಗಲ್ಲ.

ಆದ್ದರಿಂದ ಹೋದ ವಾರ ಹೆಡ್ ಮೇಡಂಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಮಗುವಿನ ಬಗ್ಗೆ ತೀರ್ಮಾನ ಆಗೋ ಯಾವ ಮೀಟಿಂಗಿದ್ದರೂ ಆ ತರಗತಿಯ ಆಯಾ ಕೂಡ ಒಳಗೆ ಕೂರಬೇಕು, ಅವರು ಕಂಡದ್ದನ್ನು ಅವರ ಹೆಸರಲ್ಲೇ ಬರೆದುಕೊಳ್ಳಬೇಕು, ಆ ಸಮಯಕ್ಕೆ ಸಂಬಳ ಸಿಗಬೇಕು ಅಂತ. ಮೇಡಂ ಇಲ್ಲ ಅಂದಿಲ್ಲ, ಪೋಷಕರು ಏನಂತಾರೋ ನೋಡೋಣ ಅಂದಿದ್ದಾರೆ. ನನಗೆ ಶುಭಾಶಯ ಕಳಿಸಿದ ಪೋಷಕರೇ, ನಿಮ್ಮ ಮಗು ಅಳುತ್ತಾ ಬಂದ ಮೊದಲ ವಾರ ಯಾರ ಸೊಂಟದ ಮೇಲಿತ್ತು ಅಂತ ನಿಮಗೆ ಗೊತ್ತು. ಎರಡು ಸಾಲು ಬರೆದು ಆಫೀಸಿಗೆ ಕೊಡಿ. ಶುಕ್ರವಾರದ ಒಳಗೆ ಆದರೆ ಒಳ್ಳೆಯದು.