ಸ್ತನ ಕ್ಯಾನ್ಸರ್ ತಪಾಸಣೆ: ಮೊದಲು ಹೆಣ್ಣುಮಕ್ಕಳನ್ನು ಕೇಳಿ

ಸಂಪಾದಕರೇ,

ನಮ್ಮ ಗಂಗಾವತಿ, ಕಾರಟಗಿ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಫಾರ್ಮ್ ತುಂಬಿಕೊಳ್ಳುತ್ತಾರೆ. ಬಿಪಿ, ಶುಗರ್ ಮನೆಯಲ್ಲಿ ಯಾರಿಗಾದ್ರೂ ಇದೆಯಾ ಅಂತ ಕೇಳುತ್ತಾರೆ. ಎದೆಯಲ್ಲಿ ಗಂಟು ಇದೆಯಾ ಅಂತಲೂ ಕೇಳುತ್ತಾರೆ. ಆದರೆ ಕಟ್ಟೆ ಮೇಲೆ ಮಾವ, ಮೈದುನ ಎಲ್ಲರೂ ಕೂತಿರುವಾಗ ಯಾವ ಸೊಸೆ ಬಾಯಿ ಬಿಡುತ್ತಾಳೆ? ತಲೆ ತಗ್ಗಿಸಿ 'ಇಲ್ಲ' ಅನ್ನುತ್ತಾಳೆ, ಅಲ್ಲಿಗೆ ಮುಗೀತು.

ಎಲ್ಲರಿಗೂ ಒಂದೇ ಥರ ತಪಾಸಣೆ ಮಾಡುವ ಬದಲು ವಯಸ್ಸು, ಮನೆತನದ ಕಾಯಿಲೆ, ಸ್ತನದ ಸಾಂದ್ರತೆ (ಅದರಲ್ಲಿ ಕೊಬ್ಬಿಗಿಂತ ಗ್ರಂಥಿಯ ಭಾಗ ಎಷ್ಟು ಜಾಸ್ತಿ ಅನ್ನೋದು), ಜೀನ್ ಎಲ್ಲ ನೋಡಿ ಯಾರಿಗೆ ಎಷ್ಟು ವರ್ಷಕ್ಕೊಮ್ಮೆ ಅಂತ ನಿರ್ಧರಿಸಿದರೆ ಹೇಗೆ ಅಂತ ಅಮೆರಿಕದ 'ವಿಸ್ಡಮ್', ಯುರೋಪಿನ 'ಮೈಪೆಬ್ಸ್' ಅಧ್ಯಯನಗಳು ಪರೀಕ್ಷೆಗೆ ಇಳಿದವು. ನಮ್ಮಲ್ಲಿ ಸರ್ಕಾರದ ಮಾರ್ಗಸೂಚಿ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ತಾಯಿಗೆ ಕ್ಯಾನ್ಸರ್ ಬಂದಿದ್ದವಳಿಗೂ ಅದೇ, ಇಲ್ಲದವಳಿಗೂ ಅದೇ. ಸೋದರತ್ತೆಗೆ, ಅಂದರೆ ಅಪ್ಪನ ಕಡೆ ಬಂದಿದ್ದರೂ ಲೆಕ್ಕಕ್ಕೆ ಬರುತ್ತದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹಾಗಂತ ಮನೆತನದಲ್ಲಿ ಇಲ್ಲದವರು ನಿಶ್ಚಿಂತೆಯಿಂದ ಇರುವಂತಿಲ್ಲ. ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಅಂಥವರೇ.

ನಿನಗೆ ಅಪಾಯ ಜಾಸ್ತಿ ಅಂತ ಹೇಳಿದ ಮೇಲೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಎಲ್ಲಿ, ಖರ್ಚು ಯಾರದು, ಭತ್ತದ ನಾಟಿ ಟೈಮಲ್ಲಿ ಕೂಲಿ ಬಿಟ್ಟು ಜೊತೆಗೆ ಬರೋರು ಯಾರು, ಇದನ್ನೂ ಹೇಳಬೇಕಲ್ವಾ? ಸುಮ್ನೆ ಹೆದರಿಸಿದರೆ ಯಾರೂ ಬರುವುದಿಲ್ಲ. ಬೇಡ ಅನ್ನುವವಳಿಗೂ ಅವಳದೇ ಕಾರಣ ಇರುತ್ತದೆ.

ಕೊಪ್ಪಳ ಜಿಲ್ಲೆಯ ಆರೋಗ್ಯಾಧಿಕಾರಿಗಳು ಅಂಗನವಾಡಿಗಳಲ್ಲಿ ಹೆಣ್ಣುಮಕ್ಕಳನ್ನಷ್ಟೇ ಕೂರಿಸಿ ಈ ಮಾತು ಶುರು ಮಾಡಲಿ. ತಾಯಿ, ಅಕ್ಕತಂಗಿ, ಸೋದರತ್ತೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಅಲ್ಲಿ ಕೇಳಲಿ.

ಒಬ್ಬ ಓದುಗಿ, ಗಂಗಾವತಿ