ಇಲಿಮರಿಗಳ ಆಂಟಿಬಾಡಿ ಟೆಸ್ಟ್: ದರ, ದಿನ ಬದಲಾದ ಬಗ್ಗೆ

ಆತ್ಮೀಯ ಗ್ರಾಹಕರೇ,

ಮಕ್ಕಳ ಔಷಧಿಯಿಂದ ಇಲಿಮರಿಯ ರೋಗನಿರೋಧಕ ಶಕ್ತಿಗೆ ಪೆಟ್ಟು ಬೀಳುತ್ತದೆಯೇ ಅಂತ ನೋಡುವ ಆಂಟಿಬಾಡಿ ಟೆಸ್ಟನ್ನು ಮುಂದಿನ ತಿಂಗಳಿಂದ ಬೇರೆ ಸ್ಟಡಿಯ ಜೊತೆ ಸೇರಿಸಿ ಮಾಡುವುದಿಲ್ಲ. ಅದಕ್ಕೇ ಅಂತ ಬೇರೆ ಮರಿಗಳ ಗುಂಪು ಇರುತ್ತದೆ. ದರ ಏರುತ್ತದೆ, ರಿಪೋರ್ಟಿಗೂ ಜಾಸ್ತಿ ದಿನ ಬೇಕು. ಮಳೆಗಾಲದಲ್ಲಿ ಎರಡು ರಿಪೋರ್ಟ್ ತಡವಾದವು, ಅದಕ್ಕೆ ಕ್ಷಮೆ ಇರಲಿ. ಆದರೆ ನಮ್ಮ ಲ್ಯಾಬಿನ ಬಗ್ಗೆ "ತಾರಿಹಾಳದವರು ಸುಮ್ನೆ ರೇಟ್ ಏರಿಸಿದ್ದಾರೆ" ಅನ್ನೋ ಮಾತು ಕೇಳಿ ನಿಜಕ್ಕೂ ನೋವಾಯಿತು.

ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ. ಆಂಟಿಬಾಡಿ ಹುಟ್ಟಿಸಲು ದೊಡ್ಡ ಇಲಿಗೆ ಚುಚ್ಚುವ ಪ್ರೋಟೀನೂ ಅದೇ ಕೆಎಲ್‌ಎಚ್, ಆಂಟಿಬಾಡಿ ಅಳೆದು ಓದುವುದೂ ಅದೇ ಎಲೈಸಾ ಪ್ಲೇಟ್ ಅಲ್ವಾ, ಮರಿಗೆ ಯಾಕೆ ಜಾಸ್ತಿ?

21 ದಿನಕ್ಕೆ ತಾಯಿಯ ಹಾಲು ಬಿಡಿಸಿದ ಮರಿಯನ್ನು ಒಮ್ಮೆ ಅಂಗೈ ಮೇಲೆ ಇಟ್ಟು ನೋಡಿ. ತೂಕ ಸುಮಾರು 50 ಗ್ರಾಂ. ಮೈಯಲ್ಲಿರುವ ರಕ್ತವೆಲ್ಲ ಸೇರಿ ಹೆಚ್ಚುಕಡಿಮೆ 3 ಮಿಲಿ. ಬಾಲದಿಂದ ನಾಲ್ಕು ಹನಿ ತೆಗೆಯುವಾಗಲೂ ನಮ್ಮ ಹುಡುಗಿಯರು ಉಸಿರು ಬಿಗಿ ಹಿಡಿದಿರುತ್ತಾರೆ. ಮೊದಲು ಹುಟ್ಟುವ ಆಂಟಿಬಾಡಿ ಐಜಿಎಂ ನೋಡಲು ಚುಚ್ಚಿದ 5ನೇ ದಿನದ ಸುಮಾರಿಗೆ ರಕ್ತ ಬೇಕು, ಆಮೇಲೆ ಬರುವ ಐಜಿಜಿಗೆ 14ನೇ ದಿನದ ಹೊತ್ತಿಗೆ ಮತ್ತೆ ಬೇಕು. ಔಷಧಿಯ ಮಟ್ಟ ನೋಡಲೂ ಅದೇ ಮರಿಯಿಂದ ತೆಗೆಯಿರಿ ಅಂದರೆ ಎಲ್ಲಿಂದ ತರೋಣ?

ಒಂದೇ ತಾಯಿಯ ಮರಿಗಳನ್ನೆಲ್ಲ ಒಂದೇ ಡೋಸಿಗೆ ಹಾಕುವಂತೆಯೂ ಇಲ್ಲ. ಕಾಣುವುದು ಔಷಧಿಯ ಗುಣವೋ ಮನೆತನದ ಗುಣವೋ ತಿಳಿಯುವುದಿಲ್ಲ. ಒಂದೊಂದು ಗುಂಪಿಗೂ ಬೇರೆ ಬೇರೆ ತಾಯಂದಿರ ಮರಿ ಬೇಕು, ಅಂದರೆ ಬಾಣಂತಿ ಇಲಿಗಳೂ ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ಖರ್ಚಾಗಿದ್ದು ಔಷಧಿಯನ್ನೇ ಕೊಡದ ಮರಿಗಳ ಮೇಲೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಳೆ ಮರಿಯ ಗುಲ್ಮ ಇನ್ನೂ ಬಲಿತಿರುವುದಿಲ್ಲ, ಆಂಟಿಬಾಡಿ ಮೊದಲೇ ಕಡಿಮೆ. ಆ ವಯಸ್ಸಿಗೆ ಎಷ್ಟು ಬಂದರೆ ಸರಿ ಅಂತ ಮೊದಲು ಅಳೆದಿಟ್ಟುಕೊಳ್ಳದಿದ್ದರೆ ಒಳ್ಳೆಯ ಔಷಧಿಗೆ ಕೆಟ್ಟ ಹೆಸರು ಬರಬಹುದು, ಕೆಟ್ಟದ್ದು ಪಾಸೂ ಆಗಬಹುದು. ನಿಮ್ಮ ಸಿರಪ್ ಕುಡಿಯುವ ಕೂಸು ಅದೇ ವಯಸ್ಸಿನಲ್ಲಿ ಲಸಿಕೆಯನ್ನೂ ಹಾಕಿಸಿಕೊಳ್ಳುತ್ತಿರುತ್ತದೆ, ಅದು ಫಲಿಸಲು ಆಂಟಿಬಾಡಿ ಹುಟ್ಟಬೇಕು. 2020ರ ಐಸಿಎಚ್ ಎಸ್11 (ಔಷಧಿ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ) ಬಂದ ಮೇಲೆ ಮಕ್ಕಳ ಔಷಧಿಗೆ ಮರಿಗಳ ಸ್ಟಡಿ ಬೇಕೇ ಅಂತ ನೀವೇ ನಮ್ಮನ್ನು ಕೇಳಿದ್ದಿರಿ.

ತಡವಾದ ಕಾರಣವನ್ನೂ ಹೇಳಿಬಿಡುತ್ತೇನೆ. ಕೆಎಲ್‌ಎಚ್ ಕ್ಯಾಲಿಫೋರ್ನಿಯಾ ಕಡಲತೀರದ ಒಂದು ಚಿಪ್ಪುಜೀವಿಯ ಪ್ರೋಟೀನ್. ನಮ್ಮ ಡಬ್ಬಿ ದಾರಿಯಲ್ಲಿ ಎರಡು ದಿನ ನಿಂತು ಐಸ್ ಪೂರ್ತಿ ಕರಗಿತ್ತು. ಅದನ್ನೇ ಬಳಸಿದ್ದರೆ ರಿಪೋರ್ಟ್ ಹೊತ್ತಿಗೆ ಸರಿಯಾಗಿ ನಿಮ್ಮ ಕೈ ಸೇರುತ್ತಿತ್ತು. ನಾವು ಚೆಲ್ಲಿದೆವು. ಹೊಸ ಲಾಟ್ ತರಿಸಿ ಎಲ್ಲವನ್ನೂ ಮತ್ತೆ ಮೊದಲಿಂದ ಅಳೆದೆವು. ಆ ನಷ್ಟದ ಒಂದು ರೂಪಾಯಿಯೂ ನಿಮ್ಮ ಬಿಲ್ಲಿಗೆ ಬಂದಿಲ್ಲ.

ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ದರವೇ. ಇಷ್ಟಾದರೂ ಅನುಮಾನ ಉಳಿದರೆ ಬನ್ನಿ, ಪ್ಲೇಟಿನ ಲೆಕ್ಕ, ಖರ್ಚಿನ ಲೆಕ್ಕ ಎರಡನ್ನೂ ನಾನೇ ಕೂತು ತೋರಿಸುತ್ತೇನೆ. ಶನಿವಾರ ಮಧ್ಯಾಹ್ನದವರೆಗೆ ಲ್ಯಾಬಿನಲ್ಲೇ ಇರುತ್ತೇನೆ.

ನಿಮ್ಮ ವಿಶ್ವಾಸಿ,
ಲ್ಯಾಬ್ ಮುಖ್ಯಸ್ಥ, ಹುಬ್ಬಳ್ಳಿ