ಬ್ರೂಸೈಟ್ ಬಳಪದ ಕಲ್ಲಲ್ಲ

ಮಾನ್ಯ ಸಂಪಾದಕರೇ,

ಮುತ್ತಿನ ಹೊಳಪಿರುವ ಮೆತ್ತನೆಯ ಬಿಳಿ ಕಲ್ಲನ್ನೆಲ್ಲ ಬಳಪದ ಕಲ್ಲೆಂದು ಕರೆದುಬಿಡುವ ರೂಢಿಯಿಂದಾಗಿ ಬ್ರೂಸೈಟ್‌ನಂಥ ಸೊಗಸಾದ ಖನಿಜ ಮರೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ. ಅಮೆರಿಕದ ಖನಿಜತಜ್ಞ ಆರ್ಚಿಬಾಲ್ಡ್ ಬ್ರೂಸ್ ಅವರ ಹೆಸರನ್ನು 1824ರಲ್ಲಿ ಪಡೆದ ಈ ಖನಿಜವು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಹೊಟ್ಟೆಯುರಿಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿರುವುದೂ ಇದೇ ಸಂಯುಕ್ತ.

ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ, ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ನ ಕಾಠಿಣ್ಯ 1 ಆದರೆ ಬ್ರೂಸೈಟ್‌ನದು ಸುಮಾರು 2.5. ಇದರ ಪದರಗಳು ಬಾಗುತ್ತವೆ, ಆದರೆ ಅಭ್ರಕದಂತೆ ಮರಳಿ ನೆಟ್ಟಗಾಗುವುದಿಲ್ಲ. ಆಮ್ಲದಲ್ಲಿ ಕರಗುವಾಗ ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್‌ನಂತೆ ನೊರೆಯುಕ್ಕುವುದಿಲ್ಲ. ಗುರುತಿಸಲು ಇಷ್ಟು ಸಾಕು. ಸರ್ಪೆಂಟೈನ್ ಎಂಬ ಹಸಿರು ಖನಿಜದ ಶಿಲೆಗಳ ಸೀಳುಗಳಲ್ಲಿ ಹಾಗೂ ಶಿಲಾಪಾಕದ ಶಾಖಕ್ಕೆ ರೂಪಾಂತರಗೊಂಡ ಡಾಲಮೈಟ್ ಎಂಬ ಮೆಗ್ನೀಸಿಯಂಯುಕ್ತ ಸುಣ್ಣಕಲ್ಲಿನಲ್ಲಿ ಇದು ದೊರೆಯುತ್ತದೆ. ಬಲೂಚಿಸ್ತಾನದ ನಿಂಬೆಹಳದಿ ಗೊಂಚಲುಗಳಂತೂ ಅತ್ಯಂತ ಮನೋಹರ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕದ ಶೇ 31ರಷ್ಟನ್ನು ನೀರಾವಿಯಾಗಿ ಬಿಟ್ಟುಕೊಡುವುದರಿಂದ, ಬೆಂಕಿ ತಡೆಯಲು ಪ್ಲಾಸ್ಟಿಕ್‌ಗೆ ಇದನ್ನು ಬೆರೆಸುತ್ತಾರೆ.

ಇಂತಿ,
ಭೂವಿಜ್ಞಾನಾಸಕ್ತ ಓದುಗ